ಎರಡು ಚಳಿಗಾಲಕ್ಕೆ ಮೋಸ ಇಲ್ಲ

ಮಾಲತಿ ಹತ್ತು ಕ್ರೋನಾ ನಾಣ್ಯವನ್ನು ಟೈರಿನ ಉಬ್ಬು ಬಟನ್‌ಗಳ ನಡುವಿನ ಗೀರಿಗೆ ತೂರಿಸಿ, ಮೊಬೈಲಿನ ಬೆಳಕು ಬಿಟ್ಟು, ಅದು ಎಷ್ಟು ಆಳಕ್ಕೆ ಇಳಿಯಿತೆಂದು ನೋಡಿದಳು. ಒಂದೊಂದು ಟೈರಿಗೂ ನಾಲ್ಕು ಕಡೆ ನೋಡಿದಳು. ಕಿಸ್ಟಾ ಬಡಾವಣೆಯ ಆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಟೈರುಗಳ ಒಡೆಯ ಚಿರಂತನ್ ಗೋಡೆಗೆ ಒರಗಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಪ್ರಾಜೆಕ್ಟ್ ಮುಗಿದು ಮರುದಿನವೇ ಬೆಂಗಳೂರಿಗೆ ಹೊರಟಿದ್ದವನಿಗೆ ಮನೆ ಖಾಲಿ ಮಾಡುವ ಅವಸರ. ಕುಕ್ಕರು, ಇಡ್ಲಿ ಸ್ಟ್ಯಾಂಡು, ಹಿಮ ಎತ್ತುವ ಸಲಿಕೆ ಎಲ್ಲವೂ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಗಂಟೆಯೊಳಗೆ ಹೋಗಿದ್ದವು. ಉಳಿದದ್ದು ಇವು ನಾಲ್ಕೇ.

"ನೀನು ಟೈರ್ ನೋಡ್ತಿದೀಯೋ, ಕೃತಿಗೆ ಗಂಡು ನೋಡ್ತಿದೀಯೋ?" ಎಂದ ಗಂಡ ಬದರಿನಾಥ.

"ಓಡಿಸೋಳು ಅವಳೇ ಅಲ್ವೇನ್ರೀ? ಸೋಮವಾರದಿಂದ ಒಬ್ಬಳೇ ಉಪ್ಸಾಲಕ್ಕೆ ಹೋಗಿ ಬರಬೇಕು. ನೆನಪಿರ್ಲಿ."

ಮಗಳಿಗೆ ಲೈಸೆನ್ಸ್ ಸಿಕ್ಕಿ ತಿಂಗಳಾಗಿತ್ತು, ಕೆಲಸ ಸಿಕ್ಕಿ ಎರಡು ವಾರ. ಬೇಸಿಗೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನೊಂದಿಗೆ ಹಿಮದಲ್ಲಿ ಜಾರದಂಥ ಚಳಿಗಾಲದ ಟೈರು ಬಂದಿರಲಿಲ್ಲ. ಹೊಸದಕ್ಕೆ ಮೂರು ವಾರ ಕಾಯಬೇಕು ಎಂದು ಕೇಳಿದ ಕಡೆಯೆಲ್ಲ ಹೇಳಿದ್ದರು. ಹಿಮ ಅಷ್ಟು ದಿನ ಕಾಯುವಂತೆ ಕಾಣಲಿಲ್ಲ. ಮಾಲತಿ ಆಗಲೇ ಕಾರಿನ ಡಿಕ್ಕಿಯಲ್ಲಿ ಕಂಬಳಿ, ಟಾರ್ಚು, ಎಳೆಯುವ ಹಗ್ಗ, ಮೇಣದಬತ್ತಿ, ಮರಳಿನ ಚೀಲ ಮತ್ತು ಮೂರು ದಿನಕ್ಕಾಗುವಷ್ಟು ಚಕ್ಕುಲಿ ತುಂಬಿದ್ದಳು. ಉಪ್ಸಾಲ ಮುಕ್ಕಾಲು ಗಂಟೆಯ ದಾರಿ.

"ಎಷ್ಟು ಹಳೇದಪ್ಪ ಇದು?"

"ನನ್ನ ಹತ್ರ ಬಂದು ಎರಡೇ ವರ್ಷ ಅಕ್ಕ. ಬಟನ್ ಎಲ್ಲ ಚೆನ್ನಾಗಿದೆ. ಇನ್ನೂ ಎರಡು ಚಳಿಗಾಲಕ್ಕೆ ಮೋಸ ಇಲ್ಲ."

ಆ ಮಾತು ಅವಳ ಕಿವಿಗೆ ಹಿತವಾಗಿ, ಎಷ್ಟೋ ದಿನದ ಪರಿಚಯದ ಹಾಗೆ ಕೇಳಿಸಿತು. ಪ್ರಾಮಾಣಿಕ ಹುಡುಗ ಎಂದುಕೊಂಡು ನಾಣ್ಯವನ್ನು ಪರ್ಸಿಗೆ ಹಾಕಿಕೊಂಡಳು.

ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಯೋರಾನ್ ಎಂಬ ಮೆಕ್ಯಾನಿಕ್ ಮೊದಲ ಟೈರಿನ ಕೊಳೆಯನ್ನು ಬ್ರಶ್ಶಿನಿಂದ ಉಜ್ಜಿ, ಅಂಚಿನಲ್ಲಿ ಅಚ್ಚಾಗಿದ್ದ, ತಯಾರಾದ ವಾರ-ವರ್ಷ ಹೇಳುವ ನಾಲ್ಕು ಅಂಕಿಗಳನ್ನು ಓದಿ, ರಬ್ಬರಿಗೆ ಉಗುರು ಒತ್ತಿದ. ಉಗುರು ಇಳಿಯಲಿಲ್ಲ.

"ಹದಿಮೂರು ವರ್ಷದ ಟೈರು" ಎಂದ. "ಗೀರು ಆಳವಾಗಿಯೇ ಇದೆ, ಆದರೆ ರಬ್ಬರು ಕಲ್ಲಾಗಿದೆ. ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿದರೆ ಕಾರು ನಿಲ್ಲುವುದಿಲ್ಲ. ನಾನಂತೂ ಇದನ್ನು ಹಾಕಿಕೊಡುವುದಿಲ್ಲ." ಟೈರನ್ನು ಮಗುಚಿ ಇನ್ನೊಂದು ಮಗ್ಗುಲನ್ನೂ ಉಜ್ಜಿದ. "ಇದೇನಿದು? ನಿಮ್ಮ ಭಾಷೆಯೇ?"

ಒಳಮಗ್ಗುಲಲ್ಲಿ ಬಿಳಿ ಪೇಂಟಿನ ಅಕ್ಷರಗಳಿದ್ದವು. 'ಮುಂದೆ, ಎಡ'. ಅದರ ಮೇಲೆ ಪುಟ್ಟದಾಗಿ 'ಶ್ರೀ'. ದೀರ್ಘವನ್ನು ಉದ್ದಕ್ಕೆ ಎಳೆದು ತುದಿಯಲ್ಲಿ ಸುರುಳಿ ಸುತ್ತಿದ ಆ 'ಶ್ರೀ'ಯನ್ನು ಮಾಲತಿ ದಿನವೂ ನೋಡುತ್ತಿದ್ದಳು: ಸಾಮಾನಿನ ಚೀಟಿಯ ತಲೆಯಲ್ಲಿ, ಉಪ್ಪಿನಕಾಯಿ ಭರಣಿಯ ಲೇಬಲ್ಲಿನಲ್ಲಿ. ಅದು ಅವಳದೇ ಕೈಬರಹ.

ಆರು ವರ್ಷದ ಹಿಂದೆ ಅವರ ಮೊದಲ ಕಾರು ಗುಜರಿಗೆ ಹೋದಾಗ ಈ ಟೈರುಗಳು ಉಳಿದಿದ್ದವು. ರಬ್ಬರು ಗಟ್ಟಿಯಾಗುತ್ತಿದೆ, ಎಸೆದುಬಿಡಿ ಎಂದು ಆಗಿನ ಮೆಕ್ಯಾನಿಕ್ ಹೇಳಿದ್ದ. ಅವಳು ಗ್ರೂಪಿನಲ್ಲಿ ಹಾಕಿದ್ದಳು. ಆಗಷ್ಟೇ ಊರಿನಿಂದ ಬಂದಿಳಿದಿದ್ದ ಅಭಿಜಿತ್ ದಂಪತಿ ಓಡೋಡಿ ಬಂದಿದ್ದರು. ಕಂಕುಳಲ್ಲಿ ಕೂಸಿದ್ದ ಇಂಚರಾ, "ಅಕ್ಕ, ಕಾರಲ್ಲಿ ಪಾಪು ಕೂರತ್ತೆ, ಪರವಾಗಿಲ್ವಾ?" ಎಂದು ಕೇಳಿದಾಗ, ಸುಳ್ಳು ಹೇಳಬಾರದೆಂದು ಮಾಲತಿ ಪದಗಳನ್ನು ಆರಿಸಿ ಆರಿಸಿ ಜೋಡಿಸಿದ್ದಳು. ಬಟನ್ ಎಲ್ಲ ಚೆನ್ನಾಗಿದೆ. ಇನ್ನೂ ಎರಡು ಚಳಿಗಾಲಕ್ಕೆ ಮೋಸ ಇಲ್ಲ.

ಆ ಮಾತು ಟೈರಿನ ಜೊತೆಗೇ ಯಾರ ಯಾರ ಮನೆಗೋ ಉರುಳಿ, ಒಂದಕ್ಷರವೂ ಸವೆಯದೆ ಮರಳಿ ಬಂದಿತ್ತು. ಕಳೆದ ಯುಗಾದಿಗೆ ಇಂಚರಾ ಕಳಿಸಿದ್ದ ಫೋಟೋವನ್ನು ಮಾಲತಿ ಅವಸರದಲ್ಲಿ ನೆನಪಿಗೆ ತಂದುಕೊಂಡಳು. ಅಂದು ಕಂಕುಳಲ್ಲಿದ್ದ ಹುಡುಗಿ ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡು ಎರಡು ಕಾಲಿನ ಮೇಲೆ ನಿಂತಿದ್ದಳು. ಎರಡೂ ಕಾಲು ನೆಟ್ಟಗಿದ್ದವು.

"ಏನು ಬರೆದಿದೆ?" ಯೋರಾನ್ ಮತ್ತೆ ಕೇಳಿದ.

"ಮುಂದಿನ ಎಡಗಡೆಯ ಚಕ್ರ ಅಂತ."

"ಮೇಲಿರುವುದು?"

"ಅದು... ಒಳ್ಳೆಯದಾಗಲಿ ಅಂತ."

"ಈವರೆಗೆ ಒಳ್ಳೆಯದೇ ಆಗಿರಬೇಕು" ಎಂದು ಯೋರಾನ್ ಕೈ ಒರೆಸಿಕೊಂಡ. "ನಿಮಗೆ ಕೊಟ್ಟವರು ಪರಿಚಯದವರೇ?"

"ತುಂಬಾ ಹತ್ತಿರದವರು" ಎಂದಳು ಮಾಲತಿ.

ಅಷ್ಟರಲ್ಲಿ ಬದರಿನಾಥ ಯಂತ್ರದ ಕಾಫಿಯ ಎರಡು ಲೋಟ ಹಿಡಿದು ಬಂದ. ಸಂಗತಿ ಕೇಳಿದವನೇ ಕೆಂಡವಾದ. "ನಮ್ಮವರಿಗೇ ಹೀಗೆ ಮಾಡೋದಾ! ಈಗ್ಲೇ ಫೋನ್ ಮಾಡಿ ಆ ಚಿರಂತನ್‌ಗೆ ಉಗೀತೀನಿ."

"ಬೇಡ ಬಿಡಿ. ಅವನಿಗೂ ಗೊತ್ತಿರಲ್ಲ. ಹೊಸ ಟೈರ್ ಬರೋವರೆಗೂ ಕೃತಿ ಟ್ರೇನಲ್ಲೇ ಹೋಗ್ಲಿ. ಇವನ್ನ ಇಲ್ಲೇ ಎಸೆಯೋಕೆ ಹೇಳೋಣ."

ಬದರಿನಾಥ ಕಾಫಿ ಗುಟುಕರಿಸುತ್ತ, ಸಾಲಾಗಿ ಒರಗಿಸಿಟ್ಟ ನಾಲ್ಕೂ ಟೈರುಗಳ ಮೇಲೆ ಕಣ್ಣಾಡಿಸಿದ. ಸಿಟ್ಟು ಇಳಿದಿತ್ತು.

"ಎಸೆಯೋದ್ಯಾಕೆ? ಬಟನ್ ಚೆನ್ನಾಗೇ ಇದೆಯಲ್ಲ. ಗ್ರೂಪಲ್ಲಿ ಹಾಕು, ಹೊಸದಾಗಿ ಬಂದೋರು ಯಾರಾದ್ರೂ ತಗೋತಾರೆ. ನೀನೇ ಬರಿ ಮಾಲತಿ, ಇಂಥದ್ದೆಲ್ಲ ಬರೆಯೋದ್ರಲ್ಲಿ ನಿನ್ನ ಮೀರಿಸೋರಿಲ್ಲ."