ಪಕ್ಕದ ಕುಳ್ಳ

"ಯಾವನಮ್ಮಿ ಅವ್ನು ಪಕ್ಕದ ಕುಳ್ಳ?" ಎಂದು ಚಿಕ್ಕತಾಯಮ್ಮ ಮಗಳ ಕೈಯಿಂದ ಫೋನು ಕಿತ್ತುಕೊಂಡಳು. ಗುತ್ತಲಿನ ಆ ಬೀದಿಯಲ್ಲಿ ಕುಳ್ಳ ಅಂದರೆ ಪಕ್ಕದ ಮನೆಯ ಮೋಟಾರು ರಿಪೇರಿ ಲಿಂಗರಾಜು ಒಬ್ಬನೇ. ಅವನಿಗೆ ಹೆಂಡತಿಯಿದ್ದಾಳೆ. "ಕುಳ್ಳ ಒಳ್ಗೊಳ್ಗೇ ಕಾಯ್ತಾವ್ನೆ ಅಂತ ನಗಾಡ್ತಿದ್ದಲ್ಲ, ಈ ಕಿವೀಲೇ ಕೇಳಿವ್ನಿ. ನಾಳೆಯಿಂದ ಮೈಸೂರು ಕಾಲೇಜು ಬಂದ್ ಕಣೆ."

ಬಿಂದುವಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಲ್ಯಾಪ್‌ಟಾಪ್ ತಿರುಗಿಸಿ ಕೆಂಪು ಮಸುಕಿನ ಚಿತ್ರವೊಂದನ್ನು ತೋರಿಸಿದಳು. "ಕುಳ್ಳ ಅಂದ್ರೆ ಇದು ಕಣವ್ವ, ಪುಟ್ಟ ಗೆಲಾಕ್ಸಿ. ನಮ್ಮ ಗೆಲಾಕ್ಸಿ ಪಕ್ಕದ್ದು, ಅದಕ್ಕೇ ಪ್ರಾಜೆಕ್ಟಲ್ಲಿ ನಾನೂ ಚಂದನ್ನೂ ಹಂಗೆ ಕರೀತೀವಿ. ಇದರೊಳಗಿನ ಧೂಳು ನಕ್ಷತ್ರದ ಬೆಳಕನ್ನ ಮುಚ್ಚಿಟ್ಕೊಳ್ತದೆ. ಮುಚ್ಚಿಟ್ಕೊಂಡಷ್ಟೂ ತಾನೇ ಬೆಚ್ಚಗಾಗ್ತದೆ, ಒಳ್ಗೊಳ್ಗೇ ಕಾಯ್ತದೆ. ಆ ಶಾಖ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಾಗಿ ಹೊರಗೆ ಬರ್ತದೆ, ಅದನ್ನ ಹಿಡಿಯೋ ಕ್ಯಾಮೆರಾಕ್ಕೆ ಸಿಕ್ಕಾಕೊಳ್ತದೆ."

ಚಿಕ್ಕತಾಯಮ್ಮ ಚಿತ್ರವನ್ನು ನೋಡಿದಳು, ಲಿಂಗರಾಜುವಿನ ಮನೆ ಕಡೆಯ ಕಿಟಕಿಯನ್ನೂ ನೋಡಿದಳು. "ಸರಿ ಬುಡು, ಪಾಪ, ಅವನ ಮೇಲೆ ಸುಮ್ಕೆ ಅನುಮಾನ ಪಟ್ಟೆ" ಎಂದು ಫೋನು ಚಾಚಿದಳು. ಬಿಂದು ನಿಟ್ಟುಸಿರು ಬಿಟ್ಟು ಕೈಯೊಡ್ಡಿದಳು. ಆದರೆ ಅವ್ವ ಫೋನು ಬಿಡಲಿಲ್ಲ.

"ಚಂದನ್ನು ಅಂದ್ಯಲ್ಲ, ಅವ್ನ್ಯಾರು?"

"ಜೊತೇಲಿ ಓದೋನು, ಅಷ್ಟೆ."

ಅವ್ವ ಜ್ವರ ನೋಡುವಂತೆ ಕೈಯ ಹಿಂಬದಿಯನ್ನು ಮಗಳ ಕೆನ್ನೆಗೆ ಒತ್ತಿ, ಅಲ್ಲೇ ಇಟ್ಟುಕೊಂಡಳು. "ಮತ್ಯಾಕಮ್ಮಿ ಇದು ಇಂಗೆ ಕಾಯ್ತಾ ಅದೆ?"