ಇಳಿಯದ ಸಕ್ಕರೆ

ಬಾಗಿಲ ಹಿಂದೆ ದಾಕ್ಷಾಯಿಣಿ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು. "ಅತ್ತೆಗೆ ಇನ್ನೂ ಹೇಳಿಲ್ಲ ಸರ್. ಎಲ್ಲಾ ಗಟ್ಟಿಯಾದ ಮೇಲೆ ಹೇಳ್ತೀನಿ."

ದಿವಾನದ ಮೇಲೆ ಮಲಗಿದ್ದ ತಿಪ್ಪೇರುದ್ರಮ್ಮ ಕಣ್ಣು ತೆರೆಯಲಿಲ್ಲ. ಸೊಸೆ ಹೊರಬಂದು, ಅವರ ಕಾಲಿನಿಂದ ಜಾರಿದ್ದ ಶಾಲನ್ನು ಮತ್ತೆ ಹೊದಿಸಿ, ಅಡುಗೆಮನೆಗೆ ಹೋದಳು.

ಯಾರು ಆ ಸರ್?

ಮಗ ಮಹಾಂತೇಶ್ ಬೈಕ್ ಅಪಘಾತದಲ್ಲಿ ಹೋದ ಮೇಲೆ ಚಳ್ಳಕೆರೆಯ ಆ ಮನೆಯಲ್ಲಿ ಉಳಿದದ್ದು ಅತ್ತೆ ಸೊಸೆ ಇಬ್ಬರೇ. ಮಾತು ಕಡಿಮೆ. "ಊಟ ಮಾಡ್ರಿ", "ಮಾತ್ರೆ ತಗಂಡ್ರಾ", "ಹೂಂ ಕಣವ್ವ" ಅನ್ನುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಆದರೂ ಸೊಸೆಯ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳಿದರೆ ಸಾಕು, ತಿಪ್ಪೇರುದ್ರಮ್ಮನಿಗೆ ನಿದ್ದೆ ಹತ್ತುತ್ತಿತ್ತು.

ವರ್ಷದ ಕಾರ್ಯ ಮುಗಿಯುತ್ತಲೇ ಸೊಸೆಯ ಅಣ್ಣ ಸಂಗಮೇಶ್ ಮೊಳಕಾಲ್ಮೂರಿನಿಂದ ಕಾರು ತಂದು ನಿಲ್ಲಿಸಿದ್ದ. "ಇಲ್ಲಿ ಯಾರಿಗೋಸ್ಕರ ಇರ್ತೀಯಾ? ಇನ್ನೂ ವಯಸ್ಸೈತೆ. ನಡಿ ಮನೆಗೆ." ಅದೇ ಹೊತ್ತಿಗೆ ತಿಪ್ಪೇರುದ್ರಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ, ಅದೂ ಮಿತಿಮೀರಿ. ಅಣ್ಣ ತಂಗಿ ಹೊರಗೆ ನಿಂತು ಏನೋ ಮಾತಾಡಿದರು. ಕಾರು ಖಾಲಿ ಹೋಯಿತು.

ಸಕ್ಕರೆ ಇರುವ ತನಕ ಸೊಸೆ ಇರುತ್ತಾಳೆ ಎಂದು ತಿಪ್ಪೇರುದ್ರಮ್ಮ ಅಂದೇ ತೀರ್ಮಾನಿಸಿದರು.

ದಾಕ್ಷಾಯಿಣಿ ಮದುವೆಗೆ ಮುಂಚೆ ಗೃಹವಿಜ್ಞಾನದಲ್ಲಿ ಡಿಗ್ರಿ ಮುಗಿಸಿದವಳು. ಅಳೆದು ನವಣೆ ಅನ್ನ ಬಡಿಸಿದಳು. ಮೆಂತ್ಯ ಸೊಪ್ಪಿನ ಪಲ್ಯ, ತೆಳ್ಳಗಿನ ಮಜ್ಜಿಗೆ. ಅತ್ತೆ ಮರುಮಾತಿಲ್ಲದೆ ಉಂಡರು. ಸೊಸೆ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದೊಡನೆ ಹಿತ್ತಲ ಗೋಡೆಯಾಚೆಯಿಂದ ನೆರೆಮನೆ ದುರುಗಕ್ಕನ ಕೈ ಚಾಚುತ್ತಿತ್ತು. ಕೈಯಲ್ಲಿ ಶೇಂಗಾ ಉಂಡೆ, ಇಲ್ಲವೇ ಬೆಲ್ಲದ ಅಚ್ಚು. ತಿಪ್ಪೇರುದ್ರಮ್ಮನಿಗೆ ಸಿಹಿ ಎಂದೂ ಸೇರುತ್ತಿರಲಿಲ್ಲ. ಕಷಾಯ ಕುಡಿದವರಂತೆ ಮುಖ ಕಿವುಚಿಕೊಂಡು ನುಂಗುತ್ತಿದ್ದರು.

ಸಕ್ಕರೆ ಇಳಿಯಲಿಲ್ಲ. ಪಾದಗಳು ಜೋಮು ಹಿಡಿಯತೊಡಗಿದವು. ಡಾಕ್ಟರು ದಾಕ್ಷಾಯಿಣಿಯ ಕಡೆ ತಿರುಗಿ ಗದರಿದರು. "ಹೋಮ್ ಸೈನ್ಸ್ ಓದೀನಿ ಅಂತೀರಿ, ಏನಮ್ಮ ಊಟ ಹಾಕ್ತಿದೀರಿ ಇವರಿಗೆ? ಹಿಂಗೇ ಆದ್ರೆ ಕಾಲಿಗೆ ಬರ್ತೈತೆ."

ಅವಳು ತಲೆ ತಗ್ಗಿಸಿದಳು. ತಿಪ್ಪೇರುದ್ರಮ್ಮ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತರು. ಆಟೋದಲ್ಲಿ ಬರುವಾಗ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಧೂಳು ಬಿದ್ದಿರಬೇಕು ಎಂದುಕೊಂಡರು.

ಫೋನು ಶುರುವಾದದ್ದು ಅದಾದ ಮೇಲೆ.

"ನಿನ್ ಸೊಸೆ ಸ್ಟುಡಿಯೋದಾಗೆ ಫೋಟೋ ತೆಗೆಸ್ಕಂಡ್ಲಂತೆ ಕಣಕ್ಕಾ," ಎಂದಳು ದುರುಗಕ್ಕ, ಗೋಡೆಯ ಮೇಲೆ ಗಲ್ಲ ಊರಿ. "ಗಂಡ ಇಲ್ಲದ ಹೆಣ್ಣುಮಗಳು ಫೋಟೋ ತೆಗೆಸ್ಕಣದು ಇನ್ಯಾತಕ್ಕೆ?"

ಆ ದಿನ ತಿಪ್ಪೇರುದ್ರಮ್ಮ ಇನ್ನೊಂದು ಉಂಡೆ ಕೇಳಿ ಪಡೆದರು.

ಆಮೇಲೆ ದಾಕ್ಷಾಯಿಣಿ ತವರಿಗೆ ಹೋಗಿಬಂದಳು. ಬರುವಾಗ ಕೈಯಲ್ಲೊಂದು ಮೊಳಕಾಲ್ಮೂರು ರೇಷ್ಮೆ ಸೀರೆ. ಮಹಾಂತೇಶ್ ಹೋದ ಮೇಲೆ ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. "ಅಣ್ಣ ಕೊಡಿಸಿದ. ಒಂದು ಕೆಲಸ ಐತೆ, ಅದಕ್ಕೆ ಉಡಬೇಕು," ಎಂದಳಷ್ಟೆ.

ಒಂದು ಮುಂಜಾನೆ ಆ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದು ಅತ್ತೆಯ ಕಾಲಿಗೆ ಬಿದ್ದಳು.

"ಆಶೀರ್ವಾದ ಮಾಡ್ರಿ. ಮೈಸೂರಿಗೆ ಹೋಗ್ತಿದೀನಿ. ಯಾತಕ್ಕೆ ಅಂತ ನಾಳೆ ಬಂದು ಹೇಳ್ತೀನಿ."

"ಒಳ್ಳೇದಾಗ್ಲಿ," ಎಂದಿತು ಬಾಯಿ. ಅವಳ ತಲೆಯ ಮೇಲಿಟ್ಟ ಕೈಯನ್ನು ಬೇಗ ತೆಗೆಯಲಿಲ್ಲ.

ಗೇಟು ಹಾಕಿಕೊಂಡಿತು. ತಿಪ್ಪೇರುದ್ರಮ್ಮ ಟಿವಿ ಹಚ್ಚಿದರು, ಆರಿಸಿದರು. ಸೊಸೆ ಮಾಡಿ ಮುಚ್ಚಿಟ್ಟು ಹೋದ ಪಾತ್ರೆಗಳ ತಟ್ಟೆ ಎತ್ತಿ ನೋಡಿ ಮತ್ತೆ ಮುಚ್ಚಿದರು. ಗೋಡೆಯಾಚೆಯಿಂದ ದುರುಗಕ್ಕ ಕರೆದರೂ ಹೋಗಲಿಲ್ಲ. ಸೊಸೆಯ ಕೋಣೆಗೆ ಹೋಗಿ ಸುಮ್ಮನೆ ಫ್ಯಾನು ಹಾಕಿ, ಮಂಚದ ತುದಿಯಲ್ಲಿ ಕೂತರು. ಹೋಗಬ್ಯಾಡ ಕಣವ್ವ, ಎಂದು ಖಾಲಿ ಕೋಣೆಗೆ ಹೇಳಿ ನೋಡಿದರು. ಹೇಳಲು ಬರುತ್ತಿತ್ತು. ಇಷ್ಟು ದಿನದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಮರುದಿನ ಸಂಜೆ ದಾಕ್ಷಾಯಿಣಿ ಬಂದಳು. ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿಬಿಟ್ಟರು. "ಮದುವೆ ಯಾವಾಗವ್ವ?"

"ಯಾರದ್ರಿ?"

"ನಿಂದು."

ದಾಕ್ಷಾಯಿಣಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು. "ಮದುವೆಯಲ್ಲ ಅತ್ತೆ, ಓದು! ಎಂ.ಎಸ್ಸಿ. ಸೀಟು ಸಿಕ್ತು. ಯಾವ ಕಾಯಿಲೆಗೆ ಯಾವ ಊಟ ಅಂತ ಕಲಿಸೋ ಕೋರ್ಸು. ಅರ್ಜಿಗೆ ಫೋಟೋ ಬೇಕಿತ್ತು, ನಿನ್ನೆ ಇಂಟರ್‌ವ್ಯೂ ಇತ್ತು. ಫೋನಲ್ಲಿ ದಾರಿ ತೋರ್ಸಿದ್ದು ನಮ್ಮ ಹಳೇ ಲೆಕ್ಚರರ್ರು."

ತಿಪ್ಪೇರುದ್ರಮ್ಮನ ಎದೆಯ ಮೇಲಿದ್ದ ಕಲ್ಲು ಇಳಿದು, ಅರ್ಧಕ್ಕೇ ನಿಂತಿತು. "ಎಷ್ಟು ದಿನದ್ದು?"

"ಎರಡು ವರ್ಷ. ಹಾಸ್ಟೆಲ್ಲು. ಹಿಂದಿನ ಬೀದಿ ಲಕ್ಷ್ಮಕ್ಕಗೆ ಹೇಳೀನಿ, ಬಂದು ಅಡುಗೆ ಮಾಡಿಟ್ಟು ಹೋಗ್ತಾಳೆ."

"ಓದೋ ಆಸೆ ಅಷ್ಟಿತ್ತಾ ನಿಂಗೆ?"

"ನಂಗೇನೂ ಇರ್ಲಿಲ್ಲ," ಎಂದಳು ದಾಕ್ಷಾಯಿಣಿ, ಅತ್ತೆಯ ಪಕ್ಕ ಕೂತು ಅವರ ಪಾದ ತನ್ನ ಮಡಿಲಿಗೆ ಎಳೆದುಕೊಳ್ಳುತ್ತ. "ಅಣ್ಣ ಕಾರು ತಂದಾಗಲೇ ಹೇಳಿದ್ದೆ, ಕಾಯಿಲೆ ಇರ್ಲಿ ಬಿಡ್ಲಿ, ನಾನು ಅತ್ತೆ ಹತ್ರಾನೇ ಇರೋದು ಅಂತ. ಆದ್ರೆ ಎಷ್ಟು ಅಳೆದು ಹಾಕಿದ್ರೂ ನನ್ನ ಕೈಯೂಟ ನಿಮಗೆ ವಿಷ ಆಗ್ತೈತಲ್ಲ, ತಪ್ಪೆಲ್ಲೈತೆ ಅಂತ ಕಲಿತು ಬರ್ತೀನಿ."

ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ, ತಲೆಯೆತ್ತದೆ ಹೇಳಿದಳು.

"ಒಂದೇ ಒಂದು ಸಲ ನಿಮ್ಮ ಸಕ್ಕರೆ ಇಳಿದಿದ್ರೂ ನಾನು ಈ ಮನೆ ಬಿಟ್ಟು ಹೋಗ್ತಿರ್ಲಿಲ್ಲ ಅತ್ತೆ."