ಒಪ್ಪಿಕೊಂಡವರಿಗೆ ಬಿಡುಗಡೆ

ಸೋಮವಾರ ಜೈಲಿನಲ್ಲಿ ಯಂತ್ರದ ದಿನ. ಅದರ ಮೇಲೆ ಅಂಗೈಯಿಟ್ಟು "ನನಗೆ ನ್ಯಾಯ ಸಿಕ್ಕಿದೆ" ಎನ್ನಬೇಕು. ಮನಸ್ಸಿನ ಮಾತಾದರೆ ಹಸಿರು ದೀಪ, ಬಿಡುಗಡೆ. ಬರೀ ಬಾಯಿಮಾತಾದರೆ ಕೆಂಪು. ಕದ್ದವರೆಲ್ಲ ಬೇಗನೆ ಹಸಿರು ಹೊತ್ತಿಸಿ ಮನೆಗೆ ಹೋದರು. ಕದಿಯದ ಯಮನೂರಪ್ಪ ಉಳಿದ.

"ಪೊಲೀಸ್ರು ಹೊಡ್ದು ಒಪ್ಪಿಸಿದ್ದು ಮರ್ತಬಿಡು. ಬೈಕ್ ನಾನ ಕದ್ದೇನಿ ಅಂತ ದಿನಾ ಜಪ ಮಾಡು" ಎಂದು ಜೊತೆಯ ಕೈದಿ ಫಕೀರಪ್ಪ ಹೇಳಿಕೊಟ್ಟಿದ್ದ. ಬೀಗ ಮುರಿದ ಸದ್ದು, ಸೀಟಿನ ಬಿಸಿ ಎಲ್ಲವನ್ನೂ ಕಲ್ಪಿಸಿಕೊಂಡು ಯಮನೂರಪ್ಪ ವರ್ಷಗಟ್ಟಲೆ ಜಪಿಸಿದ.

ಇಂದು ಹಸಿರು ಹೊತ್ತಿತು. ವಾರ್ಡನ್ ತಲೆಯೆತ್ತದೆ ಮುಂದಿನವನನ್ನು ಕರೆದ.

ಗೇಟಿನ ಹೊರಗೆ ಹೆಂಡತಿ ನೀಲವ್ವ ಮಗಳನ್ನು ಮುಂದೆ ನಿಲ್ಲಿಸಿದಳು. "ನೋಡ್ರಿ, ಬೈಕ್ ಕಳುವಾದ ಹೊತ್ತಿನ್ಯಾಗ ಮನ್ಯಾಗ ಹುಟ್ಟಿದಾಕಿ. ಮೊದಲು ಎತ್ಕೊಂಡವ್ರು ನೀವ. ಕೋರ್ಟಿನ್ಯಾಗ ಎಷ್ಟು ಹೇಳಿದ್ರೂ, ಹೆಂಡ್ತಿ ಮಾತು ನಂಬೂದಿಲ್ಲ ಅಂದ್ರು."

ಯಮನೂರಪ್ಪ ಮಗಳ ಮುಖವನ್ನು ಬಹಳ ಹೊತ್ತು ದಿಟ್ಟಿಸಿದ. ಅವನ ಅಂಗೈಗೆ ಬೈಕಿನ ಹ್ಯಾಂಡಲ್ ಬಿಟ್ಟು ಬೇರೇನೂ ನೆನಪಾಗಲಿಲ್ಲ.

"ನಾ ಎಲ್ಲಿ ಎತ್ಕೊಂಡಿದ್ನೇ, ನೀಲಾ? ಅವತ್ತು ಬೈಕ್ ಕದಿಯಾಕ ಹೋಗಿದ್ನಲ್ಲ" ಎಂದ.